ಆರು ತಿಂಗಳಿಗೆ ಮಾತ್ರ

ಕತ್ರಿಗುಪ್ಪೆಯ ಆ ಮನೆಯ ಓನರ್ ಆಂಟಿ ನನ್ನ ಜೊತೆಗಾತಿಯನ್ನು ಏನೂ ಕೇಳಲಿಲ್ಲ. ನಮಗೆ ಮೊದಲು ವಿಚಿತ್ರವೆನಿಸಿದ್ದೇ ಅದು.

ಈ ಊರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆಲ್ಲ ಗೊತ್ತು, ಬೀಗದ ಕೈ ಹೊರಗೆ ಬರುವ ಮೊದಲು ಪ್ರಶ್ನೆಗಳು ಬರುತ್ತವೆ. ಯಾವ ಕಡೆಯವರು, ಎಷ್ಟು ಜನ, ಎಲ್ಲಿ ಕೆಲಸ, ವೆಜ್ಜಾ ನಾನ್‌ವೆಜ್ಜಾ. ಸುತ್ತಿ ಬಳಸಿ ಎಲ್ಲವೂ ಬಂದು ನಿಲ್ಲುವುದು ಒಂದೇ ಕಡೆ: ‘ತಪ್ಪು ತಿಳ್ಕೋಬೇಡಿ, ನೀವು ಯಾವ ಜನ?’ ಎಂ.ಎ. ಸಮಾಜಶಾಸ್ತ್ರದ ಕೊನೆಯ ವರ್ಷ ನಾವಿಬ್ಬರು ಸೇರಿ ಮಾಡುತ್ತಿದ್ದ ಸಂಶೋಧನೆ ಈ ಪ್ರಶ್ನೆಯ ಮೇಲೆಯೇ ನಿಂತಿತ್ತು.

ನಮ್ಮ ವಿಧಾನಕ್ಕೆ ಜೋಡಿ ಭೇಟಿ ಎಂದು ಹೆಸರು. ‘ಟು ಲೆಟ್’ ಬೋರ್ಡ್ ಕಂಡ ಮನೆಗೆ ಮೊದಲು ಅವಳು ಹೋಗಬೇಕು, ಸ್ವಲ್ಪ ಹೊತ್ತು ಬಿಟ್ಟು ನಾನು. ಇಬ್ಬರದೂ ಒಂದೇ ಥರದ ಚೂಡಿದಾರ್, ಒಂದೇ ಕಥೆ: ಕಂಪನಿಯಲ್ಲಿ ಕೆಲಸ, ಮನೆಯಲ್ಲಿ ಅಮ್ಮ ಮತ್ತು ನಾನು, ಇಬ್ಬರೇ. ಜಾತಿ ಕೇಳಿದರೆ ಮಾತ್ರ ಸುಳ್ಳು ಹೇಳುವಂತಿಲ್ಲ. ನಾನು ಪದ್ಮನಾಭನಗರದ ಲಿಂಗಾಯತರ ಹುಡುಗಿ, ಅಪ್ಪನದು ಬನಶಂಕರಿಯಲ್ಲಿ ಹಾರ್ಡ್‌ವೇರ್ ಅಂಗಡಿ. ನನ್ನ ಹೆಸರು ಹೇಳಿದರೆ ಗೇಟು ತಾನಾಗಿ ತೆರೆದುಕೊಳ್ಳುತ್ತದೆ. ಅವಳು ರಾಯಚೂರು ಕಡೆಯ ಹಳ್ಳಿಯವಳು, ಊರ ಹೊರಗಿನ ಕೇರಿಯವಳು, ಬಿಟಿಎಂ ಲೇಔಟಿನ ಪಿಜಿಯಲ್ಲಿ ಇದ್ದವಳು. ಭೇಟಿ ಮುಗಿದ ಮೇಲೆ ಇಬ್ಬರೂ ಬೇರೆ ಬೇರೆ ಕೂತು ನಡೆದದ್ದನ್ನು ಫೋನಿನಲ್ಲಿ ಹೇಳಿ ರೆಕಾರ್ಡ್ ಮಾಡಿಕೊಂಡು ಆಮೇಲಷ್ಟೇ ಮಾತಾಡಬೇಕು. ಯಾರಾದರೂ ಮನೆ ಕೊಡುತ್ತೇವೆ ಎಂದರೆ ಎರಡು ದಿನದಲ್ಲಿ ಫೋನ್ ಮಾಡಿ, ಬೇರೆ ಸಿಕ್ಕಿತು ಎಂದು ಹೇಳಿ ಮುಗಿಸಬೇಕು.

ಒಂದು ತೊಡಕಿತ್ತು. ನನ್ನ ಪಾಲಿಗೆ ಕಥೆಯಾಗಿದ್ದದ್ದು ಅವಳ ಪಾಲಿಗೆ ನಿಜ. ಅವಳ ಅವ್ವನಿಗೆ ಇಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಚಿಕಿತ್ಸೆ ಶುರುವಾಗಬೇಕಿತ್ತು. ವರ್ಷದ ಮೇಲೆ ಹಿಡಿಯುತ್ತದೆ, ವಾರಕ್ಕೆ ಎರಡು ಸಲ ಬರಬೇಕು ಎಂದು ಡಾಕ್ಟರು ಹೇಳಿದ್ದರು. ಪಿಜಿಯಲ್ಲಿ ಹೊರಗಿನವರನ್ನು ಇಟ್ಟುಕೊಳ್ಳುವಂತಿಲ್ಲ. ಮನೆ ಸಿಗದಿದ್ದರೆ ಚಿಕಿತ್ಸೆ ಇಲ್ಲ. ಹಗಲು ನನ್ನ ಜೊತೆ ಸಂಶೋಧನೆಗೆ ಮನೆ ನೋಡುತ್ತಿದ್ದಳು, ಸಂಜೆ ಒಬ್ಬಳೇ ಇರುವುದಕ್ಕೆ ಮನೆ ನೋಡುತ್ತಿದ್ದಳು. ಎರಡೂ ಕಡೆ ಸಿಗುತ್ತಿದ್ದ ಉತ್ತರ ಒಂದೇ.

ಆ ಉತ್ತರಗಳು ನಮಗೆ ಬಾಯಿಪಾಠವಾಗಿದ್ದವು. ‘ಈಗ ತಾನೇ ಅಡ್ವಾನ್ಸ್ ಕೊಟ್ಟು ಹೋದ್ರಮ್ಮ.’ ‘ನಮ್ಮ ಮಗ ಬರ್ತಾನೆ ಅಂತಿದಾನೆ.’ ‘ಬೋರ್ಡ್ ತೆಗೆಯೋದು ಮರೆತುಬಿಟ್ವಿ.’ ಅದಾದ ಮೇಲೆ ಹೋದ ನನಗೆ ಅದೇ ಮನೆಯಲ್ಲಿ ಕಾಫಿ. ಜಯನಗರದ ಒಂದು ಮನೆಯಲ್ಲಂತೂ ಚಕ್ಕುಲಿಯನ್ನೂ ಕೊಟ್ಟರು. ನಾನು ಅದನ್ನು ಬ್ಯಾಗಿನಲ್ಲಿ ತಂದು ಅವಳಿಗೆ ಕೊಟ್ಟೆ. ‘ಛಲೋ ಅದಾವ. ಮನಿ ಕೊಡ್ಲಿಲ್ಲ ಅಂದ್ರೂ ಚಕ್ಕುಲಿ ಕೊಟ್ರಲ್ಲ’ ಎಂದು ನಕ್ಕಳು. ನನಗೆ ಸಿಟ್ಟು ನೆತ್ತಿಗೇರಿತ್ತು. ಅವಳ ನಗು ಕಂಡರೆ ಇನ್ನೂ ಸಿಟ್ಟು ಬರುತ್ತಿತ್ತು.

ಇಂಥದ್ದರ ನಡುವೆ ಕತ್ರಿಗುಪ್ಪೆಯ ಮನೆ ಬಂತು. ನೆಲಮಹಡಿ, ಮುಂದೆ ಪುಟ್ಟ ಕಾಂಪೌಂಡು, ಮೇಲಕ್ಕೆ ಹೊರಗಿನಿಂದ ಮೆಟ್ಟಿಲು. ಮೇಲಿನ ಮನೆಯಿಂದ ಇಳಿದು ಬಂದ ಆಂಟಿ ಬಾಗಿಲು ತೆಗೆದು, ತಾವು ಹೊಸ್ತಿಲ ಈಚೆಗೇ ನಿಂತು, ಕೈ ಮಾಡಿ ತೋರಿಸಿದರಂತೆ. ‘ಅದು ಹಾಲ್, ಆ ಕಡೆ ಕಿಚನ್, ಒಳಗೆ ರೂಮು. ನೀನೇ ನೋಡ್ಕೊಂಡು ಬಾಮ್ಮ.’ ಅವಳು ಒಬ್ಬಳೇ ಒಳಗೆ ಹೋದಳು. ರೂಮಿನ ನೆಲದಲ್ಲಿ ಮಂಚದ ಕಾಲುಗಳ ನಾಲ್ಕು ಗುರುತು, ಗೋಡೆಯಲ್ಲಿ ಕ್ಯಾಲೆಂಡರ್ ಇದ್ದ ಜಾಗದಲ್ಲಿ ಬಿಳಿ ಚೌಕ. ಒಂದು ಪ್ಲಾಸ್ಟಿಕ್ ಕುರ್ಚಿ ಗೋಡೆಯ ಕಡೆಗೆ ಮುಖ ಮಾಡಿಕೊಂಡಿತ್ತು. ಮಟಮಟ ಮಧ್ಯಾಹ್ನವಾದರೂ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಅವಳು ಹೊರಡುವಾಗ ಆರಿಸಲು ಹೋದರೆ ಆಂಟಿ ಹೊರಗಿನಿಂದಲೇ, ‘ಇರ್ಲಿ ಬಿಡಮ್ಮ, ಆರಿಸ್ಬೇಡ’ ಎಂದು ಕೂಗಿದರಂತೆ. ಆಮೇಲೆ, ‘ಯಾವಾಗ ಬರ್ತೀಯ? ಆರು ತಿಂಗಳಿಗೆ ಮಾತ್ರ ಆಯ್ತಾ’ ಎಂದರು. ಊರು ಕೇಳಲಿಲ್ಲ, ಹೆಸರನ್ನೂ ಪೂರ್ತಿ ಕೇಳಲಿಲ್ಲ.

ನಾನು ಹೋದಾಗ ಅದೇ ಆಂಟಿ ನನ್ನ ಹಣೆಯ ವಿಭೂತಿ ನೋಡಿದರು. ಯಾವ ಜನ ಎಂದು ಕೇಳಿದರು. ಹೇಳಿದೆ. ತೆಗೆಯಲು ಹೊರಟಿದ್ದ ಬಾಗಿಲನ್ನು ಹಾಗೆಯೇ ಬಿಟ್ಟು, ‘ನಿಮಗೆ ಬೇಡಮ್ಮ ಇದು. ನಿಮ್ಮ ತಾಯಿಯವರು ಒಪ್ಪಲ್ಲ’ ಎಂದರು. ನಾನು ಎಷ್ಟು ಕೇಳಿದರೂ ಮನೆ ತೋರಿಸಲೇ ಇಲ್ಲ. ಅಷ್ಟು ದಿನಗಳ ಸುತ್ತಾಟದಲ್ಲಿ ಅವಳಿಗೆ ಹೂಂ, ನನಗೆ ಊಹೂಂ ಎಂದ ಮೊದಲ ಮನೆ ಅದು. ಬಸ್ ಸ್ಟಾಪಿನಲ್ಲಿ ಇಬ್ಬರೂ ಕುಣಿಯುವುದೊಂದು ಬಾಕಿ.

ನಮ್ಮ ಗೈಡ್ ಮೇಡಂ ಕುಣಿಯಲಿಲ್ಲ. ‘ಒಂದು ಮನೆ ಅಂದ್ರೆ ಏನೂ ಅಲ್ಲ. ಅಂಥದ್ದೇ ಇನ್ನೊಂದು ಸಿಗುತ್ತಾ ನೋಡಿ’ ಎಂದರು. ಸಿಕ್ಕಿತು. ಪದ್ಮನಾಭನಗರದಲ್ಲಿ, ನಮ್ಮ ಮನೆಯಿಂದ ಎರಡು ರಸ್ತೆ ಆಚೆ. ಅಲ್ಲಿನ ಓನರ್ ಅಂಕಲ್ ಬೀಗದ ಕೈಯನ್ನು ಅವಳ ಕೈಗೆ ಕೊಡದೆ ಮೆಟ್ಟಿಲ ಮೇಲಿಟ್ಟು ಹಿಂದೆ ಸರಿದರು. ಅದನ್ನು ಕೇಳಿ ನಾನು ಕೆಂಡವಾದೆ. ಅವಳು, ‘ಅದೇನ್ ನನಗ ಹೊಸಾದಲ್ಲ ಬಿಡು. ಆದ್ರ ಇವತ್ತು ಬ್ಯಾರೇನೋ ಐತಿ. ಅವ್ರು ನನ್ನ ನೋಡಿ ಹಿಂದ ಸರೀಲಿಲ್ಲ, ಬಾಗಿಲಾ ನೋಡಿ ಸರದ್ರು’ ಎಂದಳು. ಬಿಳೇಕಹಳ್ಳಿಯ ಮೂರನೆಯ ಮನೆಯಲ್ಲಿ ಕನ್ನಡಿಗೆ ಪೇಪರ್ ಅಂಟಿಸಿದ್ದರು. ಖಾಲಿ ರೂಮಿನಲ್ಲಿ ಫ್ಯಾನು ತಿರುಗುತ್ತಿತ್ತು. ಅಲ್ಲಿಯೂ ಓನರ್ ಹೊಸ್ತಿಲು ದಾಟಲಿಲ್ಲ. ಅಲ್ಲಿಯೂ ಏನೂ ಕೇಳಲಿಲ್ಲ. ಅಲ್ಲಿಯೂ ಆರು ತಿಂಗಳಿಗೆ ಮಾತ್ರ.

ಅವಳು ಅಂದಿನ ರೆಕಾರ್ಡಿಂಗಿನಲ್ಲಿ ಹೇಳಿದ ಒಂದು ಮಾತನ್ನು ನಾನು ಇಂದಿಗೂ ಮರೆತಿಲ್ಲ: ‘ಮನಿ ತೋರ್ಸಾಕ ಕರದಂಗ ಇಲ್ಲ. ಒಳಗ ಯಾರಿಗೋ ನನ್ನ ತೋರ್ಸಾಕ ಕರದಂಗೈತಿ.’

ರಹಸ್ಯ ಒಡೆದದ್ದು ನಮ್ಮ ಮನೆಯ ಅಡುಗೆಮನೆಯಲ್ಲಿ. ಅಮ್ಮ ಹುರುಳಿಕಾಯಿ ಹೆಚ್ಚುತ್ತಿದ್ದಳು. ನಾನು ಈ ಮೂರು ಮನೆಗಳ ವಿಷಯವನ್ನು ತಮಾಷೆಯಾಗಿ ಹೇಳುತ್ತಿದ್ದೆ. ಅಮ್ಮ ಚಾಕು ಕೆಳಗಿಟ್ಟಳು. ‘ಓನರ್ ಒಳಗೇ ಬರ್ಲಿಲ್ವಾ? ಆರೇ ತಿಂಗಳಾ?’ ಎಂದು ಕೇಳಿ, ‘ಪಂಚಕ ಕಣೇ ಅದು. ಬಿಟ್ಟ ಮನೆ. ನೀನು ಒಳಗೆ ಹೋಗಿಲ್ಲ ತಾನೆ?’ ಎಂದಳು. ಧನಿಷ್ಠಾದಿಂದ ರೇವತಿಯವರೆಗಿನ ಐದು ನಕ್ಷತ್ರಗಳಲ್ಲಿ ಯಾರಾದರೂ ತೀರಿಕೊಂಡರೆ ಆ ಮನೆಗೆ ದೋಷ ತಗಲುತ್ತದೆ, ಇನ್ನೊಂದು ಸಾವನ್ನು ಕರೆಯುತ್ತದೆ ಎಂಬ ನಂಬಿಕೆ. ನಕ್ಷತ್ರ ನೋಡಿ ಆರು ತಿಂಗಳೋ ಮೂರು ತಿಂಗಳೋ ಮನೆ ಬಿಡಬೇಕು. ಹಿಂದೆ ಬಾಗಿಲಿಗೆ ಮುಳ್ಳು ಬಡಿದು ಬೇರೆ ಕಡೆ ಇರುತ್ತಿದ್ದರು, ಅವಧಿ ಮುಗಿದ ಮೇಲೆ ಶಾಂತಿ ಹೋಮ ಮಾಡಿಸಿ ಒಳಗೆ ಬರುತ್ತಿದ್ದರು. ನಮ್ಮಲ್ಲಿ ಸೂತಕವಿಲ್ಲ ಎಂದು ಹೇಳಿಕೊಳ್ಳುವವರು ನಾವು. ಆದರೂ ಪಂಚಾಂಗ ನೋಡದೆ ನಮ್ಮಪ್ಪ ಸ್ಕೂಟರ್ ಕೂಡ ಕೊಂಡವರಲ್ಲ. ಆ ರಾತ್ರಿ ಅಮ್ಮ ನನಗೆ ದೃಷ್ಟಿ ತೆಗೆದಳು. ನನ್ನ ಜೊತೆಗಾತಿ ಆ ಮೂರೂ ಮನೆಗಳ ಒಳಗೆ ಹೋಗಿ ಬಂದವಳು ಎಂಬುದು ಅಮ್ಮನ ತಲೆಗೇ ಬರಲಿಲ್ಲ.

ಕತ್ರಿಗುಪ್ಪೆಯ ಬೋರ್ಡಿನಲ್ಲಿ ನಂಬರ್ ಇದ್ದ ಬ್ರೋಕರನ್ನು ಹಿಡಿದು ಕೇಳಿದೆವು. ಆತ ಮುಚ್ಚಿಡುವ ಗೋಜಿಗೇ ಹೋಗಲಿಲ್ಲ. ‘ನೋಡಿ ಮೇಡಂ, ಮುಂಚೆ ಬೀಗ ಹಾಕ್ತಿದ್ರು. ಈಗ ಬೀಗ ಹಾಕಿದ್ರೆ ರೋಡಿಗೆಲ್ಲ ಗೊತ್ತಾಗುತ್ತೆ, ಬಾಡಿಗೆನೂ ಲಾಸ್. ಮನೇಲಿ ಯಾರಾದ್ರೂ ಉಸಿರಾಡ್ತಾ ಇದ್ರೆ, ಒಲೆ ಉರೀತಾ ಇದ್ರೆ ದೋಷ ಬೇಗ ಕಳೆಯುತ್ತೆ ಅಂತಾರೆ.’ ಹಾಗಾದರೆ ನನಗೇಕೆ ಕೊಡಲಿಲ್ಲ ಎಂದೆ. ಆತ ಅವಳ ಕಡೆ ನೋಡದೆ ನನಗೆ ಹೇಳಿದ. ‘ನಿಮ್ಮಂಥವರಿಗೆ ಹೆಚ್ಚುಕಮ್ಮಿ ಆದ್ರೆ ಪಾಪ ಸುತ್ಕೊಳುತ್ತೆ ಮೇಡಂ. ಇವರಿಗೆಲ್ಲ ಅದು ಅಂಟಲ್ಲ.’

ಅಂಟಲ್ಲ. ಈ ಒಂದು ಮಾತಿಗೆ ನಾನು ಆತನ ಜೊತೆ ರಸ್ತೆಯಲ್ಲೇ ಜಗಳಕ್ಕೆ ನಿಂತೆ. ಗಂಟಲು ಹರಿಯುವಂತೆ ಕೂಗಾಡಿದೆ. ಅವಳು ನನ್ನ ತೋಳು ಹಿಡಿದು ಎಳೆದುಕೊಂಡು ಬಂದಳು. ಸ್ವಲ್ಪ ದೂರ ನಡೆದ ಮೇಲೆ, ‘ಆ ಮನಿ ನಾ ತಗೋತೀನಿ’ ಎಂದಳು.

ನಾನು ಬೇಡವೆಂದೆ. ಏನೇನೋ ಕಾರಣ ಕೊಟ್ಟೆ, ಅಪಮಾನ ಎಂದೆ, ಅವ್ವನಿಗೆ ಹುಷಾರಿಲ್ಲ ಎಂದೆ. ನಿಜ ಹೇಳಬೇಕೆಂದರೆ ನನಗೆ ಭಯವಾಗಿತ್ತು. ಅಷ್ಟೆಲ್ಲ ಓದಿದ ನಾನು, ಅವಳ ಬಾಯಲ್ಲಿ ಕೇಳಿದ ಆ ಗೋಡೆಯ ಕಡೆ ತಿರುಗಿದ ಕುರ್ಚಿ ನೆನಪಾದರೆ ದೀಪ ಆರಿಸದೆ ಮಲಗುತ್ತಿದ್ದೆ. ಅವಳು ಎಲ್ಲ ಕೇಳಿಸಿಕೊಂಡು ಹೇಳಿದ್ದು ಇಷ್ಟು: ‘ಬದುಕಿದ್ದವರು ಯಾರೂ ಮನಿ ಕೊಡವಲ್ರು. ಸತ್ತವರು ಕೊಡ್ತೀನಿ ಅಂದ್ರ ಬ್ಯಾಡ ಅನ್ನಾಕಾಗತ್ತೇನು?’

ಗೈಡ್ ಮೇಡಂ ಮುಂದೆ ವಿಷಯ ಇಟ್ಟಾಗ ಕೆಲಸವೇ ನಿಂತುಹೋಗುವ ಸ್ಥಿತಿ ಬಂತು. ಪರೀಕ್ಷಿಸಲು ಹೋದವಳೇ ಬಾಡಿಗೆಗೆ ಕೂತರೆ ಆ ಭೇಟಿ ಲೆಕ್ಕಕ್ಕಿಲ್ಲ. ಓನರಿಗೆ ತಿಳಿಸದೆ ಅವರ ಮನೆಯಲ್ಲಿದ್ದು ಬರೆಯುವುದಂತೂ ಸಾಧ್ಯವೇ ಇಲ್ಲ. ಆ ಡಾಟಾ ಕೈಬಿಡಬೇಕಾಗುತ್ತದೆ ಎಂದರು. ‘ಡಾಟಾ ತಗದು ಹಾಕ್ರಿ ಮೇಡಂ. ಮನಿ ತಗೀಬ್ಯಾಡ್ರಿ’ ಎಂದಳು ಅವಳು. ಕೊನೆಗೆ ನಾವು ಮೂವರೂ ಸೇರಿ ದಾರಿ ಬದಲಿಸಿದೆವು. ಜೋಡಿ ಭೇಟಿಗಳನ್ನು ಅಲ್ಲಿಗೇ ನಿಲ್ಲಿಸುವುದು. ಇಂಥ ಬಿಟ್ಟ ಮನೆಗಳಲ್ಲಿ ವಾಸಕ್ಕೆ ಹೋಗುವವರ ಬಗ್ಗೆಯೇ ಪ್ರಬಂಧ ಬರೆಯುವುದು. ಅವಳು ಒಳಗಿದ್ದು ಬರೆಯುವುದು, ನಾನು ಹೊರಗಿನಿಂದ ಹೋಗಿ ಬಂದು ಬರೆಯುವುದು, ಓನರಿಗೆ ಎಲ್ಲವನ್ನೂ ಹೇಳಿಬಿಡುವುದು. ಆಂಟಿಗೆ ಹೇಳಿದಾಗ ಅವರು ಹೆಚ್ಚು ಯೋಚಿಸಲಿಲ್ಲ. ‘ಬರ್ಕೋಮ್ಮ. ನಮ್ಮ ಹೆಸರು ಹಾಕ್ಬೇಡ. ಬೇಗ ಬಾ, ಅಷ್ಟೇ’ ಎಂದರು.

ಅವ್ವ ಬಂದರು. ಹಾಲುಕ್ಕಿಸುವ ದಿನ ನಾನೂ ಹೋಗಿದ್ದೆ. ಹೊಸ್ತಿಲ ಬಳಿ ನನ್ನ ಕಾಲು ತಾನಾಗಿ ನಿಂತಿತು. ಅವ್ವ ಒಳಗಿನಿಂದ, ‘ಬಾ ಯವ್ವಾ, ಯಾಕ ನಿಂತಿ’ ಎಂದರು. ಕಣ್ಣು ಮುಚ್ಚಿಕೊಂಡು ದಾಟಿದೆ. ಒಳಗೆ ಸುಣ್ಣದ ವಾಸನೆ, ಅದರ ಕೆಳಗೆ ಔಷಧಿಯ ವಾಸನೆ. ಸತ್ತವರು ಆಂಟಿಯ ಅತ್ತೆ. ಆ ರೂಮಿನಲ್ಲೇ ಬಹಳ ಕಾಲ ಮಲಗಿದ್ದರಂತೆ. ಅವ್ವನ ಹಾಸಿಗೆಯನ್ನು ಎಲ್ಲಿ ಹಾಕೋಣ ಎಂದು ನೋಡಿದರೆ ಕಿಟಕಿ, ಗಾಳಿ, ಫ್ಯಾನು ಎಲ್ಲ ಲೆಕ್ಕ ಹಾಕಿ ಹೊಂದುವ ಜಾಗ ಒಂದೇ ಇತ್ತು. ಮಂಚದ ಕಾಲಿನ ಆ ನಾಲ್ಕು ಗುರುತುಗಳ ನಡುವೆ.

ವಾರಕ್ಕೆ ಮೂರು ನಾಲ್ಕು ಸಲ ನಾನು ಅಲ್ಲಿಗೆ ಹೋಗುತ್ತಿದ್ದೆ. ಹೊರಗಿನಿಂದ ನೋಡುವ ನನ್ನ ಪಾಲಿನ ಕೆಲಸವೆಂದರೆ ರಸ್ತೆ ಆ ಮನೆಯನ್ನು ಹೇಗೆ ನೋಡುತ್ತದೆ ಎಂದು ಗಮನಿಸುವುದು. ನೋಡುತ್ತಿರಲಿಲ್ಲ. ಸೊಪ್ಪಿನ ಗಾಡಿಯವನು ಕೂಗುತ್ತ ಬಂದವನು ಆ ಗೇಟಿನ ಮುಂದೆ ಬಾಯಿ ಮುಚ್ಚಿ, ದಾಟಿದ ಮೇಲೆ ಮತ್ತೆ ಕೂಗುತ್ತಿದ್ದ. ವಾಕಿಂಗಿನವರು ಎರಡು ಮನೆ ಮುಂಚೆಯೇ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದರು. ಕಾಂಪೌಂಡಿನ ಮೂಲೆಯಲ್ಲಿ ಮಕ್ಕಳ ಚೆಂಡುಗಳು ರಾಶಿ ಬಿದ್ದಿದ್ದವು, ಒಂದನ್ನೂ ಯಾರೂ ಕೇಳಲು ಬಂದಿರಲಿಲ್ಲ. ಅವಳು ಒಂದು ಸಂಜೆ ಎಲ್ಲವನ್ನೂ ತೊಳೆದು ರಸ್ತೆಗೆ ಉರುಳಿಸಿದಳು. ಮಾರನೆಯ ದಿನ ನಾನು ಹೋದಾಗಲೂ ಅವು ಮೋರಿಯ ಅಂಚಿನಲ್ಲಿ ಹಾಗೆಯೇ ಕೂತಿದ್ದವು. ಮಕ್ಕಳು ಬೇರೆ ಹೊಸ ಚೆಂಡಿನಲ್ಲಿ ಆಡುತ್ತಿದ್ದರು.

ಮಕ್ಕಳಿಗೆ ಇದನ್ನು ಯಾರು ಹೇಳಿಕೊಟ್ಟರು ಎಂದು ನಾನು ಹಲವರನ್ನು ವಿಚಾರಿಸಿದೆ. ಯಾರೂ ಹೇಳಿಕೊಟ್ಟಿರಲಿಲ್ಲ.

ಆಂಟಿ ಮಾತ್ರ ದಿನಾ ಬೆಳಿಗ್ಗೆ ಮೇಲಿನಿಂದ ಇಳಿದು ಬಾಗಿಲ ಹೊರಗೆ ನಿಲ್ಲುತ್ತಿದ್ದರು. ‘ನಿದ್ದೆ ಬಂತಾ? ಏನಾದ್ರೂ ಸದ್ದಾಯ್ತಾ?’ ಎಂದು ಕೇಳುವರು. ಮೊದಮೊದಲು ನನಗೆ ಇದು ದೋಷ ಎಷ್ಟು ಕಳೆಯಿತು ಎಂದು ನೋಡುವ ಬುದ್ಧಿ ಅನಿಸಿತ್ತು. ಅನ್ನ ಸಾರನ್ನು ಬಾಳೆ ಎಲೆಯಲ್ಲಿ ಕಟ್ಟಿ ತಂದು ಹೊಸ್ತಿಲ ಮೇಲಿಡುತ್ತಿದ್ದರು, ಪಾತ್ರೆ ವಾಪಸ್ ಬರಬಾರದಲ್ಲ. ನನ್ನ ಜೊತೆಗಾತಿ ಅದನ್ನು ಮುಟ್ಟುತ್ತಿರಲಿಲ್ಲ. ಅವ್ವ ಉಣ್ಣುತ್ತಿದ್ದರು. ‘ಇಟ್ಟಾಕಿ ಮನಸ್ನಾಗ ಏನೈತೋ. ಅನ್ನದಾಗ ಏನೂ ಇಲ್ಲ’ ಎನ್ನುವರು.

ಎರಡು ತಿಂಗಳಾದ ಮೇಲಿನ ಮಾತು. ಆಂಟಿ ಬಂದು ಹೊರಗೆ ನಿಂತರು. ಅವ್ವ ಒಳಗೆ ಗೋಡೆಗೆ ಒರಗಿ ಕೂತಿದ್ದರು. ನಾನು ಹಾಲಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದೆ. ಆಂಟಿ ಎಂದಿನಂತೆ ಸದ್ದು ಗಿದ್ದು ಕೇಳಲಿಲ್ಲ. ಸ್ವಲ್ಪ ತಡವರಿಸಿ, ಅತ್ತ ಇತ್ತ ನೋಡಿ, ‘ನಮ್ಮತ್ತೆ... ನನ್ನ ಬಗ್ಗೆ ಏನಾದ್ರೂ ಅಂದ್ರಾ?’ ಎಂದರು.

ಅವ್ವ ತಲೆ ಸ್ವಲ್ಪ ವಾಲಿಸಿ ರೂಮಿನ ಕಡೆ ಕಿವಿ ಕೊಟ್ಟಂತೆ ಕೂತರು. ಆಮೇಲೆ ಬಹಳ ಸಹಜವಾಗಿ, ‘ಚಾ ಕೇಳ್ತಾಳ ನೋಡವ್ವಾ. ಸಕ್ರಿ ಎರಡ ಚಮಚ ಹಾಕು ಅಂತಾಳ’ ಎಂದರು.

ಆಂಟಿ ಬಾಗಿಲ ಚೌಕಟ್ಟು ಹಿಡಿದುಕೊಂಡರು, ಅಷ್ಟು ದಿನ ಅದನ್ನು ಮುಟ್ಟಿದವರಲ್ಲ. ‘ಶುಗರ್ ಇತ್ತಮ್ಮ ಅವರಿಗೆ. ಡಾಕ್ಟರು ಬೇಡ ಅಂದಿದ್ರು. ಕೊನೇ ದಿನಾನೂ ಸಕ್ಕರೆ ಹಾಕಿ ಒಂದ್ಲೋಟ ಟೀ ಕೊಡೇ ಅಂದ್ರು, ನಾನು ಕೊಡ್ಲಿಲ್ಲ’ ಎಂದು ಅಲ್ಲೇ ಕುಸಿದು ಕೂತು ಅತ್ತರು. ಸಂಜೆ ಎರಡು ಲೋಟ ಟೀ ತಂದರು, ಸ್ಟೀಲ್ ಲೋಟದಲ್ಲಿ. ಒಂದು ಅವ್ವನಿಗೆ. ಇನ್ನೊಂದನ್ನು ಅವ್ವ ಕಿಟಕಿಯ ಕಟ್ಟೆಯ ಮೇಲಿಟ್ಟರು.

ಅವ್ವನಿಗೆ ಹೇಗೆ ಗೊತ್ತಾಯಿತು ಎಂದು ನಾನು ಇಂದಿಗೂ ಕೇಳಿಕೊಳ್ಳುತ್ತೇನೆ. ವಯಸ್ಸಾದವರಲ್ಲಿ ಅರ್ಧ ಜನಕ್ಕೆ ಶುಗರ್ ಇರುತ್ತದೆ, ಎಲ್ಲರಿಗೂ ಟೀ ಆಸೆ ಇರುತ್ತದೆ, ಸುಮ್ಮನೆ ಅಂದಿದ್ದು ತಾಗಿತು ಎಂದು ಸಮಾಧಾನ ಹೇಳಿಕೊಂಡೆ. ಮಗಳು ಗದರಿ ಕೇಳಿದಾಗ ಅವ್ವ ಗೋಡೆ ಕಡೆಗೆ ಹೊರಳಿ, ‘ಆಕಿ ಹೇಳಿದ್ದು ನಾ ಹೇಳೀನಿ’ ಎಂದರು. ಅಷ್ಟೇ. ಲೋಟ ತೊಳೆಯಲು ಎತ್ತಿಕೊಂಡವಳು ನಾನು. ಕಿಟಕಿಯ ಕಟ್ಟೆಯ ಲೋಟದಲ್ಲಿ ಟೀ ಇರಲಿಲ್ಲ. ಅವ್ವನೇ ಕುಡಿದಿರಬೇಕು.

ಅಲ್ಲಿಂದ ಮುಂದೆ ಸುದ್ದಿ ಹೇಗೋ ಹರಡಿತು. ರಸ್ತೆ ದಾಟಿ ಹೋಗುತ್ತಿದ್ದವರು ಗೇಟಿನ ಬಳಿ ನಿಧಾನವಾಗತೊಡಗಿದರು. ಪಕ್ಕದ ರಸ್ತೆಯ ಒಬ್ಬರು ಬಂದು, ತೀರಿಹೋದ ತಮ್ಮ ಗಂಡನ ಅಂಗಿಯನ್ನು ತಂದಿದ್ದೇನೆ, ಅಮ್ಮ ಒಂದು ಸಲ ಮುಟ್ಟಿ ಹೇಳುತ್ತಾರಾ ಎಂದು ಕೇಳಿದರು. ನನ್ನ ಜೊತೆಗಾತಿ ಅವರನ್ನು ವಾಪಸ್ ಕಳಿಸಿ, ಬಾಗಿಲು ಹಾಕಿ ಚಿಲಕವನ್ನು ಎರಡು ಸಲ ಎಳೆದು ನೋಡಿದಳು. ಆವರೆಗೆ ಅವಳು ಹೆದರಿದ್ದನ್ನು ನಾನು ನೋಡಿರಲಿಲ್ಲ. ‘ಮನಿ ಬಾಡಿಗಿಗಿ ತಗೊಂಡೀನಿ ಅನ್ಕೊಂಡಿದ್ದೆ. ಇವ್ರು ನಮ್ಮವ್ವನ್ನ ಬಾಡಿಗಿಗಿ ತಗೊಂಡಾರ’ ಎಂದಳು. ಅವ್ವನಿಗೆ ಚಿಕಿತ್ಸೆ ತಾಗುತ್ತಿತ್ತು, ಊಟ ಸೇರುತ್ತಿತ್ತು, ಅದೊಂದೇ ಅವಳನ್ನು ಅಲ್ಲಿ ಕಟ್ಟಿಹಾಕಿತ್ತು. ಆರು ತಿಂಗಳು ಮುಗಿದರೂ ಇನ್ನೂ ಆರೇಳು ತಿಂಗಳ ಚಿಕಿತ್ಸೆ ಬಾಕಿ ಉಳಿಯುತ್ತಿತ್ತು.

ಅವಧಿ ಮುಗಿಯುತ್ತ ಬಂತು. ಭಾನುವಾರ ಶಾಂತಿ ಹೋಮ ಎಂದು ಆಂಟಿ ಹೇಳಿದರು. ಹೋಮ ಆದ ಮೇಲೆ ಅವರು ಕೆಳಗೆ ಬರುತ್ತಾರೆ. ಆಗ ಮೇಲಿನ ಮನೆ ಖಾಲಿಯಾಗುತ್ತದೆ. ‘ಹಂಗಾರ ನಾವು ಮ್ಯಾಲಿಂದಕ್ಕ ಹೋಗ್ತೀವಿ ಆಂಟಿ. ಎಷ್ಟ ಬಾಡಿಗಿ ಅಂದ್ರೂ ಕೊಡ್ತೀವಿ’ ಎಂದಳು ಅವಳು.

ಆಂಟಿ ಕೆಟ್ಟವರಲ್ಲ. ಅವರ ಕಣ್ಣಲ್ಲಿ ನೀರು ಬಂತು. ‘ನನಗೇನೂ ಇಲ್ಲಮ್ಮ. ನಮ್ಮವರು ಒಪ್ಪಲ್ಲ. ಹೋಮ ಆದ್ಮೇಲೆ ಮನೆ ಮತ್ತೆ ಶುದ್ಧ ಆಗುತ್ತಲ್ಲ, ಆಮೇಲೆ...’ ಎಂದು ಮಾತು ನುಂಗಿದರು. ಮರುದಿನ ಮೇಲಿನ ಗ್ರಿಲ್ಲಿಗೆ ಬೋರ್ಡ್ ಬಿತ್ತು. ನಾನು ಗೇಟು ದಾಟುವಾಗ ಆಂಟಿ ನನ್ನನ್ನು ಪಕ್ಕಕ್ಕೆ ಕರೆದು, ‘ನಿಮಗೇನಾದ್ರೂ ಮನೆ ಬೇಕಿದ್ರೆ ಹೇಳಿ. ನಿಮ್ಮಂಥವರು ಬಂದ್ರೆ ಯೋಚನೆ ಇಲ್ಲ’ ಎಂದರು. ಈ ಸಲ ಜಗಳಕ್ಕೆ ನಿಲ್ಲದೆ ಒಳಗೆ ನಡೆದೆ. ಒಳಗೆ ಅವ್ವ ಅವರು ಕಳಿಸಿದ್ದ ಟೀ ಕುಡಿಯುತ್ತಿದ್ದರು.

ಮತ್ತೆ ಬೋರ್ಡುಗಳನ್ನು ಹುಡುಕಿಕೊಂಡು ಬನಶಂಕರಿ, ಜೆಪಿ ನಗರ, ಬಿಟಿಎಂ ಸುತ್ತಿದೆವು. ಈ ಸಲ ಸಂಶೋಧನೆಗಲ್ಲ. ಮತ್ತೆ ಅದೇ ಬಾಯಿಪಾಠ. ಆಸ್ಪತ್ರೆಯ ಪಕ್ಕದ ಛತ್ರದಲ್ಲಿ ಜಾಗವಿರಲಿಲ್ಲ. ಅವ್ವ ಊರಿಗೆ ವಾಪಸ್ ಹೋದರೆ ಇಷ್ಟು ದಿನದ ಚಿಕಿತ್ಸೆ ನೀರಿನಲ್ಲಿ ಹೋಮ ಮಾಡಿದಂತೆ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಗುರುವಾರ ಆ ಬ್ರೋಕರ್ ತಾನೇ ಅವಳಿಗೆ ಫೋನ್ ಮಾಡಿದ. ‘ಮೇಡಂ, ಜಯನಗರದಲ್ಲಿ ಒಂದಿದೆ. ಸಖತ್ ಮನೆ, ಗಾಳಿ ಬೆಳಕು ಎಲ್ಲ ಇದೆ. ಅವರೇ ನಿಮ್ಮನ್ನ ಕೇಳಿದ್ರು. ನಿಮ್ಮ ತಾಯಿಯವರ ವಿಷಯ ಅವರಿಗೂ ಗೊತ್ತಂತೆ.’

ಸಂಜೆ ಬಿಸಿಲಿರುವಾಗಲೇ ನಾವಿಬ್ಬರೂ ಹೋದೆವು. ಬ್ರೋಕರ್ ಗೇಟಿನ ಹೊರಗೆ ಬೈಕಿನ ಮೇಲೆ ಕೂತ. ಹಳೆಯ ಕಾಲದ ಗಟ್ಟಿ ಮನೆ, ಮುಂದೆ ಸಂಪಿಗೆ ಮರ. ಆ ಮನೆಯ ಸೊಸೆ ಬಾಗಿಲು ತೆಗೆದರು. ನಾನು ಅವರ ಕಾಲನ್ನೇ ನೋಡುತ್ತಿದ್ದೆ. ಅವರು ಹೊಸ್ತಿಲು ದಾಟಿ ಒಳಗೆ ನಡೆದರು, ‘ಬನ್ನಿ, ಬನ್ನಿ’ ಎಂದು ಕರೆದರು. ಇದು ಬಿಟ್ಟ ಮನೆಯಲ್ಲ. ನಿಜವಾಗಿಯೂ ಯಾರೋ ಇವಳಿಗೆ ಮನೆ ಕೊಡುತ್ತಿದ್ದಾರೆ ಎಂದುಕೊಂಡೆ.

ಹಾಲ್, ಅಡುಗೆಮನೆ ತೋರಿಸಿದರು. ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು. ಬಾಡಿಗೆ ಎಂದಿನಿಂದ ಎಂದು ಅವಳು ಕೇಳಿದ್ದಕ್ಕೆ ಅವರು ದನಿ ತಗ್ಗಿಸಿದರು. ‘ಇನ್ನೂ ಹೇಳೋಕಾಗಲ್ಲ. ಶನಿವಾರದಿಂದ ಐದು ದಿನ ಸರಿಯಿಲ್ಲವಂತೆ. ಡಾಕ್ಟರು ಅದರೊಳಗೇ ಅಂತಿದಾರೆ. ಹಾಗೇನಾದ್ರೂ ಆದ್ರೆ ನಾವು ಅವತ್ತೇ ಬಿಡಬೇಕಾಗುತ್ತಲ್ಲ, ಅದಕ್ಕೆ ಮೊದಲೇ ಹೇಳಿಟ್ಟಿರೋಣ ಅಂತ. ಆರು ತಿಂಗಳಂತೂ ಗ್ಯಾರಂಟಿ.’ ಹೀಗೆ ಹೇಳುತ್ತಲೇ ರೂಮಿನ ಪರದೆ ಸರಿಸಿದರು.

ಮಂಚದ ಮೇಲೆ ಒಬ್ಬರು ಮುದುಕರು ಮಲಗಿದ್ದರು. ಮೈಯಲ್ಲಿ ಏನೂ ಉಳಿದಿರಲಿಲ್ಲ, ಕಣ್ಣು ಮಾತ್ರ ಚುರುಕಾಗಿತ್ತು. ಅವು ನಮ್ಮಿಬ್ಬರನ್ನೂ ನೋಡಿ ಸೊಸೆಯ ಕಡೆ ಹೊರಳಿದವು.

‘ಯಾರು?’ ಎಂದರು.

ಸೊಸೆ ಗಾಬರಿಯಲ್ಲಿ ನಿಜವನ್ನೇ ಹೇಳಿಬಿಟ್ಟರು. ‘ಮನೆ ನೋಡೋಕೆ ಬಂದಿದಾರೆ ಮಾವ.’

ಗಂಜಿ ಕುದಿಯುವ ಸದ್ದು ಅಲ್ಲಿಯವರೆಗೂ ಕೇಳಿಸುತ್ತಿತ್ತು. ಮುದುಕರು ನಿಧಾನವಾಗಿ ಅರ್ಥ ಮಾಡಿಕೊಳ್ಳುವುದನ್ನು ನಾನು ನೋಡಿದೆ. ಕೋಪ ಬರುತ್ತದೆ ಎಂದುಕೊಂಡೆ. ಬರಲಿಲ್ಲ. ತಮ್ಮ ಕಾಲದಲ್ಲಿ ಎಷ್ಟೋ ಬಾಡಿಗೆದಾರರನ್ನು ಕೂರಿಸಿ ಮಾತಾಡಿದವರಿರಬೇಕು. ಅದೇ ಮರ್ಯಾದೆಯಲ್ಲಿ ಅವಳನ್ನು ನೋಡಿ, ಉಸಿರು ಕೂಡಿಸಿಕೊಂಡು ಕೇಳಿದರು. ‘ನಿಮಗೆ ಯಾವತ್ತಿಗೆ ಬೇಕಮ್ಮ ಮನೆ?’

ಭಾನುವಾರ ಬೆಳಿಗ್ಗೆಯೊಳಗೆ ಬೇಕಿತ್ತು. ಅವ್ವನ ಹಾಸಿಗೆಯನ್ನು ಆಗಲೇ ಹಗ್ಗ ಹಾಕಿ ಕಟ್ಟಿಟ್ಟು ಬಂದಿದ್ದೆವು. ಅವಳು ಮಂಚದ ಹತ್ತಿರ ಹೋದಳು. ಜಾರಿದ್ದ ಹೊದಿಕೆಯನ್ನು ಅವರ ಪಾದದ ಮೇಲೆ ಎಳೆದಳು.

‘ನಮಗೇನ್ ಅವಸರ ಇಲ್ರೀ ಅಜ್ಜಾರ. ನೀವು ಆರಾಮಾಗ್ರಿ’ ಎಂದಳು.

ಹೊರಗೆ ಬಂದಾಗ ಬ್ರೋಕರ್ ಬೈಕಿನಿಂದ ಇಳಿದು ಬಂದು, ‘ಹೆಂಗಿದೆ ಮೇಡಂ? ಓಕೆನಾ?’ ಎಂದ.

‘ಆ ಮನಿ ಖಾಲಿ ಇಲ್ರಿ’ ಎಂದು ಹೇಳಿ ಅವಳು ಬಸ್ ಸ್ಟಾಪಿನ ಕಡೆ ನಡೆದಳು.